ಬರಿಗಾಲಿನ ತಂಡ ಮತ್ತು ಕೊನೆಯ ಇಪ್ಪತ್ತು ನಿಮಿಷ

1948ರ ಲಂಡನ್ ಪ್ರವಾಸದಲ್ಲಿ ಮೈಸೂರಿನ ಆಟಗಾರರು

(ಚನ್ನಗಿರಿಯಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಒಬ್ಬ ದೈಹಿಕ ಶಿಕ್ಷಕರ ನೆನಪಿಗಾಗಿ ಅವರ ಶಿಷ್ಯರೆಲ್ಲ ಕೂಡಿ ಇಟ್ಟ ದತ್ತಿ ಇದು. ಕವಿಗಳ, ದಾನಿಗಳ, ಮಠಾಧೀಶರ ಹೆಸರಿನ ದತ್ತಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಬೆಳಗಿನ ಪ್ರಾರ್ಥನೆಗೆ ಸಾಲು ನಿಲ್ಲಿಸಿ, ಸಂಜೆ ಮೈದಾನದಲ್ಲಿ ಸೀಟಿ ಊದಿ, ಮಕ್ಕಳ ಮೈಗೆ ಕಸುವು ಮನಸ್ಸಿಗೆ ಶಿಸ್ತು ತುಂಬಿದ ಆಟದ ಮೇಷ್ಟ್ರ ಹೆಸರಿನಲ್ಲಿ ದತ್ತಿ ಇಡುವುದು ಅಪರೂಪ. ಈ ಶಿಷ್ಯವರ್ಗಕ್ಕೆ ಮೊದಲು ನನ್ನ ನಮಸ್ಕಾರ.

ಸ್ವತಂತ್ರ ಭಾರತದ ಫುಟ್‌ಬಾಲ್ ತಂಡ 1948ರಲ್ಲಿ ಕೈಗೊಂಡ ಲಂಡನ್ ಪ್ರವಾಸವನ್ನು ಇಂದಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ಆ ತಂಡದಲ್ಲಿ ನಮ್ಮ ಮೈಸೂರು ಸಂಸ್ಥಾನದ ಹುಡುಗರು ದೊಡ್ಡ ಪಾಲು ಪಡೆದಿದ್ದರು. ದೇಶದ ಪರವಾಗಿ ಆ ಪ್ರವಾಸದ ಒಲಿಂಪಿಕ್ಸ್ ಪಂದ್ಯದಲ್ಲಿ ಬಂದ ಒಂದೇ ಒಂದು ಗೋಲನ್ನು ಹೊಡೆದವರೂ ಮೈಸೂರಿನವರೇ. ಆದರೂ ಆ ಪ್ರವಾಸ ನಮಗೆ ನೆನಪಿರುವುದು ಒಂದೇ ಕಾರಣಕ್ಕೆ: ಅವರು ಬೂಟಿಲ್ಲದೆ ಆಡಿದರು ಎನ್ನುವುದಕ್ಕೆ. ‘ಪಾಪ, ಬಡ ದೇಶ, ಬೂಟಿಗೂ ಗತಿಯಿರಲಿಲ್ಲ’ ಎನ್ನುವ ಮಾತು ಮುಕ್ಕಾಲು ಶತಮಾನದಿಂದ ಓಡಾಡುತ್ತಿದೆ. ಈ ಅನುಕಂಪ ಆ ಆಟಗಾರರಿಗೆ ನಾವು ಮಾಡುತ್ತಿರುವ ಅನ್ಯಾಯ ಎಂದು ನನ್ನ ನಂಬಿಕೆ. ಅವರು ಗೆದ್ದದ್ದು ಯಾವುದರಿಂದ, ಸೋತದ್ದು ಯಾವುದರಿಂದ ಎಂದು ಸರಿಯಾಗಿ ಕೇಳಿಕೊಂಡರೆ, ಇವತ್ತು ನಮ್ಮ ತಾಲ್ಲೂಕುಗಳ ಮೈದಾನಗಳಲ್ಲಿ ಏನು ಮಾಡಬೇಕು ಎಂಬುದಕ್ಕೂ ಉತ್ತರ ಸಿಗುತ್ತದೆ.

1. ಮೈಸೂರು ಎಂದರೆ ಯಾರು?

ದಾವಣಗೆರೆ ಜಿಲ್ಲೆ ಹುಟ್ಟಿದ್ದು 1997ರ ಆಗಸ್ಟ್ 15ರಂದು. ಅದಕ್ಕೂ ಮೊದಲು ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ನ್ಯಾಮತಿ ಹೊನ್ನಾಳಿ ತಾಲ್ಲೂಕಿನ ಭಾಗವಾಗಿದ್ದು, ಈಚಿನ ವರ್ಷಗಳಲ್ಲಿ ತಾನೇ ತಾಲ್ಲೂಕಾಯಿತು. ನೀವು ಬಂದಿರುವ ಈ ನಾಲ್ಕೂ ತಾಲ್ಲೂಕುಗಳವರು 1948ರಲ್ಲಿ ಮೈಸೂರು ಸಂಸ್ಥಾನದ ಪ್ರಜೆಗಳು. ಆದ್ದರಿಂದ ‘ಮೈಸೂರು’ ಎಂಬ ಹೆಸರಿನಲ್ಲಿ ಯಾವ ತಂಡ ಎಲ್ಲಿ ಆಡಿದರೂ ಅದು ನಿಮ್ಮ ಅಜ್ಜ, ಮುತ್ತಜ್ಜಂದಿರ ತಂಡವೇ ಆಗಿತ್ತು.

ಆ ಮೈಸೂರು ತಂಡದ ಬೇರು ಬೆಂಗಳೂರಿನ ದಂಡುಪ್ರದೇಶದಲ್ಲಿತ್ತು. 1881ರಲ್ಲಿ ಬ್ರಿಟಿಷರು ಮೈಸೂರನ್ನು ಒಡೆಯರಿಗೆ ಮರಳಿಸಿದರೂ ದಂಡುಪ್ರದೇಶವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡಿದ್ದರು. ಅದು ಮೈಸೂರಿಗೆ ವಾಪಸು ಬಂದದ್ದು 1947ರ ಜುಲೈ 26ರಂದು, ಸ್ವಾತಂತ್ರ್ಯಕ್ಕೆ ಮೂರು ವಾರಗಳಷ್ಟೇ ಉಳಿದಿದ್ದಾಗ. ಅಲ್ಲಿ ಬಿಳಿ ಸೈನಿಕರ ಪಲ್ಟಣಗಳಿದ್ದವು, ಪಲ್ಟಣಗಳಿಗೆ ಫುಟ್‌ಬಾಲ್ ತಂಡಗಳಿದ್ದವು, ತಂಡಗಳಿಗೆ ಒಳ್ಳೆಯ ಮೈದಾನಗಳಿದ್ದವು. ಮೈದಾನದ ಸುತ್ತ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನಿನ ಕೇರಿಗಳಿದ್ದವು. ಉರ್ದು, ತಮಿಳು, ಕನ್ನಡ, ತೆಲುಗು ಮಾತಾಡುವ ಕೂಲಿಕಾರರ, ಕುಶಲಕರ್ಮಿಗಳ, ಸಣ್ಣ ನೌಕರರ ಮಕ್ಕಳು ಆ ಆಟವನ್ನು ನೋಡಿ ಕಲಿತರು, ಕಲಿತು ತಮ್ಮದಾಗಿಸಿಕೊಂಡರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಇವತ್ತು ಪೆಲೆಯ ಪ್ರತಿಮೆ ಇದೆ. ಫುಟ್‌ಬಾಲ್ ಆ ಕೇರಿಗಳಿಗೆ ಎಷ್ಟು ಆಳವಾಗಿ ಇಳಿದಿದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಕಲಿಕೆ ಫಲ ಕೊಟ್ಟದ್ದು 1937ರಲ್ಲಿ. ಬೊಂಬಾಯಿಯಲ್ಲಿ 1891ರಿಂದ ನಡೆಯುತ್ತಿದ್ದ ರೋವರ್ಸ್ ಕಪ್ ಬ್ರಿಟಿಷ್ ಪಲ್ಟಣಗಳ ಸ್ವತ್ತಿನಂತಾಗಿತ್ತು. ಬೆಂಗಳೂರು ಮುಸ್ಲಿಮ್ಸ್ ಎಂಬ ನಮ್ಮ ಕ್ಲಬ್ 1937ರಲ್ಲಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡವಾಯಿತು. ಒಂದು ಸಲದ ಅದೃಷ್ಟವೆಂದು ಯಾರಾದರೂ ಅಂದಾರು ಎನ್ನುವಂತೆ 1938ರಲ್ಲಿ ಮತ್ತೆ ಗೆದ್ದಿತು. ಕಲ್ಕತ್ತೆಯ ಮೋಹನ್ ಬಾಗಾನ್ ತಂಡ 1911ರಲ್ಲಿ ಈಸ್ಟ್ ಯಾರ್ಕ್‌ಶೈರ್ ಪಲ್ಟಣವನ್ನು ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದದ್ದನ್ನು ನಾವು ರಾಷ್ಟ್ರೀಯ ಚಳವಳಿಯ ಘಟನೆಯಂತೆ ಓದುತ್ತೇವೆ. ಬೆಂಗಳೂರಿನ ಈ ಗೆಲುವು ಅಷ್ಟೇ ತೂಕದ್ದು. ನಮ್ಮ ಎಷ್ಟು ಮಕ್ಕಳಿಗೆ ಇದು ಗೊತ್ತಿದೆ?

ಅಂತರಪ್ರಾಂತೀಯ ಸಂತೋಷ್ ಟ್ರೋಫಿ 1941ರಲ್ಲಿ ಶುರುವಾಯಿತು. ಬಂಗಾಳ ಅದರ ಬಲಾಢ್ಯ ತಂಡ. 1946–47ರ ಸಾಲಿನಲ್ಲಿ ಬೆಂಗಳೂರಿನಲ್ಲಿ ನಡೆದ ಟೂರ್ನಿಯಲ್ಲಿ ಅದೇ ಬಂಗಾಳವನ್ನು ಮಣಿಸಿ ಮೈಸೂರು ಟ್ರೋಫಿ ಗೆದ್ದಿತು. ಲಂಡನ್ ಒಲಿಂಪಿಕ್ಸ್‌ಗೆ ತಂಡ ಆರಿಸುವ ಹೊತ್ತಿಗೆ ಮೈಸೂರನ್ನು ಕಡೆಗಣಿಸುವ ಧೈರ್ಯ ಯಾರಿಗೂ ಇರಲಿಲ್ಲ. ಗೋಲ್‌ಕೀಪರ್ ಕೆ.ವಿ. ವರದರಾಜ್, ಬಷೀರ್, ಬಿ.ಎನ್. ವಜ್ರವೇಲು, ಸಾರಂಗಪಾಣಿ ರಾಮನ್, ಅಹ್ಮದ್ ಖಾನ್ ತಂಡದಲ್ಲಿದ್ದರು. ಈ ಹೆಸರುಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿ. ಮನೆಮಾತು ಬೇರೆ, ಮತ ಬೇರೆ, ಕೇರಿ ಬೇರೆ. ಅಂಗಿಯ ಮೇಲೆ ಮಾತ್ರ ಒಂದೇ ನಾಡು. ಈ ನಾಡಿನ ಕ್ರೀಡಾ ಪರಂಪರೆಯ ಬಗ್ಗೆ ಮಾತಾಡುವಾಗ ಇವರನ್ನೆಲ್ಲ ನಮ್ಮವರೆಂದು ಎದೆ ತುಂಬಿ ಹೇಳುವುದು ನಮ್ಮ ಕರ್ತವ್ಯ.

2. ಯುದ್ಧ ಮುಗಿದ ಊರಿಗೆ

ಭಾರತದ ಫುಟ್‌ಬಾಲ್ ತಂಡ ಹೊರದೇಶಕ್ಕೆ ಹೋದದ್ದು ಇದೇ ಮೊದಲಲ್ಲ. ಹತ್ತು ವರ್ಷ ಮೊದಲು, 1938ರಲ್ಲಿ, ಕರುಣಾ ಭಟ್ಟಾಚಾರ್ಯರ ನಾಯಕತ್ವದಲ್ಲಿ ಒಂದು ತಂಡ ಆಸ್ಟ್ರೇಲಿಯಾ ಪ್ರವಾಸ ಮಾಡಿತ್ತು. ಆಗ ನಾವು ಪರಾಧೀನರು. 1948ರ ತಂಡ ಸ್ವತಂತ್ರ ದೇಶದ್ದು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಕಾಲಿಟ್ಟದ್ದೇ ಆಗ.

ಆ ವರ್ಷ ದೇಶ ಹೇಗಿತ್ತು ಎಂದು ನೆನೆಸಿಕೊಳ್ಳಿ. ವಿಭಜನೆಯ ಗಾಯ ಹಸಿಯಾಗಿತ್ತು. ಗಾಂಧೀಜಿಯವರ ಹತ್ಯೆಯಾಗಿ ಆರು ತಿಂಗಳಾಗಿತ್ತು. ಮೈಸೂರಿನಲ್ಲಿ ಜವಾಬ್ದಾರಿ ಸರ್ಕಾರ ಬಂದು ವರ್ಷವೂ ತುಂಬಿರಲಿಲ್ಲ, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದರು. ಇಂಥ ಹೊತ್ತಿನಲ್ಲಿ ಹೊರಟ ತಂಡದ ನಾಯಕ ನಾಗಾ ಬೆಟ್ಟಗಳ ತಾಲಿಮೆರೆನ್ ಆವೊ. ಕಲ್ಕತ್ತೆಯಲ್ಲಿ ವೈದ್ಯಕೀಯ ಓದುತ್ತ ಮೋಹನ್ ಬಾಗಾನ್‌ಗೆ ಆಡುತ್ತಿದ್ದವರು. ಜುಲೈ 29ರ ಉದ್ಘಾಟನೆಯ ಮೆರವಣಿಗೆಯಲ್ಲಿ ಭಾರತದ ಧ್ವಜ ಹಿಡಿದು ಮುಂದೆ ನಡೆದವರೂ ಅವರೇ. ಮುಂದೆ ತಮ್ಮ ನಾಡಿಗೆ ಮರಳಿ ವೈದ್ಯರಾಗಿ ಸೇವೆ ಮಾಡಿದರು. ರಕ್ಷಣೆಯ ಸಾಲಿನಲ್ಲಿ ಬಂಗಾಳದ ಶೈಲೇನ್ ಮನ್ನಾ, ಮುಂಚೂಣಿಯಲ್ಲಿ ಮೇವಾಲಾಲ್, ತರಬೇತಿಗೆ ಬಲಾಯ್‌ದಾಸ್ ಚಟರ್ಜಿ. ನಾಗಾ ನಾಯಕ, ಬಂಗಾಳಿ ತರಬೇತುದಾರ, ಬೆಂಗಳೂರಿನ ಹಿಂದೂ ಮುಸ್ಲಿಂ ಹುಡುಗರು: ದೇಶ ಒಡೆದ ಮರುವರ್ಷವೇ ಹೀಗೊಂದು ತಂಡ ಒಂದೇ ಧ್ವಜದ ಕೆಳಗೆ ನಡೆದದ್ದು ಆಟದ ಲೆಕ್ಕಕ್ಕಿಂತ ದೊಡ್ಡ ಸಂಗತಿ.

ಅವರು ಹೋಗಿ ಇಳಿದ ಲಂಡನ್ನೂ ಸೊರಗಿತ್ತು. ಬಾಂಬು ಬಿದ್ದ ಕಟ್ಟಡಗಳು ಹಾಗೇ ಇದ್ದವು. ಊಟಕ್ಕೆ ರೇಷನ್ ಇತ್ತು. ಕ್ರೀಡಾಕೂಟಕ್ಕೆಂದು ಹೊಸ ಕ್ರೀಡಾಂಗಣ, ಹೊಸ ಕ್ರೀಡಾಗ್ರಾಮ ಯಾವುದನ್ನೂ ಕಟ್ಟಲಿಲ್ಲ. ಆಟಗಾರರು ಶಾಲೆ, ಕಾಲೇಜು, ಸೇನಾ ಶಿಬಿರಗಳಲ್ಲಿ ಮಲಗಿದರು. ಜರ್ಮನಿ, ಜಪಾನ್‌ಗಳಿಗೆ ಆಹ್ವಾನವಿರಲಿಲ್ಲ. ಜಗತ್ತು ಮತ್ತೆ ಒಂದೆಡೆ ಸೇರಿ ಆಡಬಲ್ಲದೇ ಎಂದು ಪರೀಕ್ಷಿಸಿಕೊಂಡ ಕೂಟ ಅದು.

ಅದೇ ಲಂಡನ್ನಿನಲ್ಲಿ ನಮ್ಮ ಹಾಕಿ ತಂಡ ಆಗಸ್ಟ್ 12ರಂದು ವೆಂಬ್ಲಿಯಲ್ಲಿ ಬ್ರಿಟನ್ನನ್ನು 4–0ರಿಂದ ಸೋಲಿಸಿ ಚಿನ್ನ ಗೆದ್ದಿತು. ಬೆಂಗಳೂರಿನಲ್ಲಿ ಓದುತ್ತಿದ್ದ ಹೆನ್ರಿ ರೆಬೆಲೊ ತ್ರಿವಿಧ ಜಿಗಿತದ ಫೈನಲ್ ತಲುಪಿ, ಅಲ್ಲಿ ತೊಡೆಯ ಸ್ನಾಯು ಹರಿದು ಹೊರಬಿದ್ದರು. ಕುಸ್ತಿಯಲ್ಲಿ ಕೊಲ್ಹಾಪುರದ ಕಡೆಯ ಕೆ.ಡಿ. ಜಾಧವ್ ಆರನೆಯ ಸ್ಥಾನ ಪಡೆದರು. ಕೊಲ್ಹಾಪುರದ ಮಹಾರಾಜರು ಅವರ ಪ್ರಯಾಣಕ್ಕೆ ಹಣ ಕೊಟ್ಟಿದ್ದರು. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿಯಲ್ಲಿ ಅದೇ ಜಾಧವ್ ಕಂಚು ಗೆದ್ದರು. ಮೊದಲ ಪ್ರವಾಸ ಕಲಿಸಿದ ಪಾಠವನ್ನು ಎರಡನೆಯದಕ್ಕೆ ಬಳಸಿದವನಿಗೆ ಪದಕ ಸಿಕ್ಕಿತು. ಫುಟ್‌ಬಾಲಿನ ಕಥೆಗೆ ಬಂದಾಗ ಈ ಮಾತು ನಮ್ಮ ನೆನಪಿನಲ್ಲಿರಲಿ.

3. ಜುಲೈ 31, ಇಲ್‌ಫರ್ಡ್

ಭಾರತಕ್ಕೆ ಮೊದಲು ಎದುರಾಳಿಯಾಗಬೇಕಿದ್ದ ಬರ್ಮಾ ಬರಲಿಲ್ಲ. ಮುಂದಿನ ಎದುರಾಳಿ ಫ್ರಾನ್ಸ್. ಸೋತರೆ ಮನೆಗೆ ಎನ್ನುವ ಪಂದ್ಯ. 1948ರ ಜುಲೈ 31ರಂದು ಪೂರ್ವ ಲಂಡನ್ನಿನ ಇಲ್‌ಫರ್ಡಿನಲ್ಲಿರುವ ಕ್ರಿಕಲ್‌ಫೀಲ್ಡ್ ಎಂಬ ಸಾಧಾರಣ ಕ್ಲಬ್ ಮೈದಾನದಲ್ಲಿ ಆಟ. ನೋಡಲು ಸಾವಿರಾರು ಜನ ಸೇರಿದ್ದರು.

ನಮ್ಮ ಹನ್ನೊಂದು ಜನರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ, ಪಾದಕ್ಕೆ ಪಟ್ಟಿ ಬಿಗಿದುಕೊಂಡು ಇಳಿದರು. ಫ್ರೆಂಚರಿಗೆ ಗಟ್ಟಿ ಚರ್ಮದ ಬೂಟು, ಅಡಿಯಲ್ಲಿ ಗುಬುಟುಗಳು. 30ನೆಯ ನಿಮಿಷದಲ್ಲಿ ರೆನೆ ಕುರ್ಬೆನ್ ಫ್ರಾನ್ಸಿಗೆ ಮೊದಲ ಗೋಲು ತಂದ. ಭಾರತ ಕುಗ್ಗಲಿಲ್ಲ, ಮುನ್ನುಗ್ಗಿತು. ಎರಡು ಪೆನಾಲ್ಟಿಗಳು ಸಿಕ್ಕವು. ಎರಡೂ ವ್ಯರ್ಥವಾದವು: ಒಂದನ್ನು ತೆಗೆದುಕೊಂಡವರು ಶೈಲೇನ್ ಮನ್ನಾ, ಇನ್ನೊಂದನ್ನು ಮಹಾವೀರ್ ಪ್ರಸಾದ್. 70ನೆಯ ನಿಮಿಷದಲ್ಲಿ ಮೈಸೂರಿನ ಸಾರಂಗಪಾಣಿ ರಾಮನ್ ಚೆಂಡನ್ನು ಬಲೆಗೆ ಸೇರಿಸಿದರು. ಸ್ವತಂತ್ರ ಭಾರತದ ಮೊದಲ ಅಂತರರಾಷ್ಟ್ರೀಯ ಗೋಲು ಅದು. ಲೆಕ್ಕ 1–1. ಆಟ ಮುಂದುವರಿಯಿತು. 89ನೆಯ ನಿಮಿಷದಲ್ಲಿ ರೆನೆ ಪೆರ್ಸಿಯೊನ್ ಫ್ರಾನ್ಸಿಗೆ ಎರಡನೆಯ ಗೋಲು ಹೊಡೆದ. ಒಂದೇ ನಿಮಿಷ ಉಳಿದಿದ್ದಾಗ ಪಂದ್ಯ ಕೈಬಿಟ್ಟುಹೋಯಿತು.

ಸೋತ ತಂಡಕ್ಕೆ ಲಂಡನ್ನಿನ ಜನ ಚಪ್ಪಾಳೆ ಹೊಡೆದರು, ಪತ್ರಿಕೆಗಳು ಮೆಚ್ಚಿ ಬರೆದವು. ಬಕಿಂಗ್‌ಹ್ಯಾಮ್ ಅರಮನೆಯ ಸತ್ಕಾರದಲ್ಲಿ ರಾಜಮನೆತನದವರು ಮನ್ನಾ ಅವರ ಪಾದಗಳ ಬಗ್ಗೆ ಕುತೂಹಲದಿಂದ ವಿಚಾರಿಸಿದರು ಎನ್ನುವ ಕಥೆ ಬಾಯಿಂದ ಬಾಯಿಗೆ ಬಂದಿದೆ. ತಂಡ ಅಲ್ಲಿಂದ ಹಾಲೆಂಡಿಗೂ ಹೋಗಿ ಆಂಸ್ಟರ್‌ಡ್ಯಾಮಿನ ಹೆಸರಾಂತ ಅಯಾಕ್ಸ್ ಕ್ಲಬ್ಬನ್ನು ಸೋಲಿಸಿತು. ಫ್ರಾನ್ಸ್ ಮುಂದಿನ ಸುತ್ತಿನಲ್ಲಿ ಬ್ರಿಟನ್ನಿಗೆ 0–1ರಿಂದ ಸೋತಿತು. ಅಂದರೆ ನಮ್ಮವರು ಯಾರಿಗೂ ಕಡಿಮೆಯಿರಲಿಲ್ಲ.

4. ಸೋಲು ಎಲ್ಲಿತ್ತು?

ಬೂಟಿಲ್ಲದ್ದಕ್ಕೇ ಸೋತರೇ? ಇಲ್ಲವೆಂದು ನಾನು ಹೇಳುತ್ತೇನೆ, ಕಾರಣ ಕೊಟ್ಟು ಹೇಳುತ್ತೇನೆ.

ಬರಿಗಾಲು ಅವರಿಗೆ ಅಭ್ಯಾಸದಿಂದ ಬಂದ ಬಲ. ಬೂಟು ಕೊಂಡುಕೊಳ್ಳಲಾಗದ ಮಕ್ಕಳಾಗಿ ಅವರು ಆಟ ಶುರು ಮಾಡಿದ್ದು ನಿಜ. ಆದರೆ ಒಲಿಂಪಿಕ್ಸ್‌ಗೆ ಹೋಗುವ ಹೊತ್ತಿಗೆ ಬೂಟು ಬೇಕೆಂದರೆ ಸಿಗುತ್ತಿತ್ತು, ತಂಡದಲ್ಲಿ ಕೆಲವರು ಹಾಕಿಕೊಂಡೂ ಇದ್ದರು. ಉಳಿದವರು ಬೇಡವೆಂದರು. ಬರಿಪಾದದಲ್ಲಿ ಚೆಂಡಿನ ಸ್ಪರ್ಶ ನೇರವಾಗಿ ತಿಳಿಯುತ್ತದೆ. ಕಾಲಿನ ಹತ್ತಿರವೇ ಚೆಂಡನ್ನು ಇಟ್ಟುಕೊಂಡು ಎದುರಾಳಿಯನ್ನು ತಪ್ಪಿಸುವುದು, ಥಟ್ಟನೆ ದಿಕ್ಕು ಬದಲಿಸುವುದು, ಹತ್ತಿರದ ಜೊತೆಗಾರನಿಗೆ ಮೆಲ್ಲಗೆ ತಳ್ಳುವುದು ಸಲೀಸಾಗುತ್ತದೆ. ಅಹ್ಮದ್ ಖಾನ್ ಈ ಕಲೆಯಲ್ಲಿ ಎಷ್ಟು ಪಳಗಿದ್ದರೆಂದರೆ ಕಲ್ಕತ್ತೆಯ ಜನ ಅವರನ್ನು ಹಾವಾಡಿಗ ಎಂದೇ ಕರೆದರು. ಅವರು ಈಸ್ಟ್ ಬೆಂಗಾಲ್ ಕ್ಲಬ್ ಸೇರಿದ ಮೇಲೆ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹ್ಮದ್ ಖಾನ್ ಸೇರಿದ ಮುಂಚೂಣಿಗೆ ‘ಪಂಚ ಪಾಂಡವರು’ ಎಂಬ ಹೆಸರು ಬಿತ್ತು. ದಕ್ಷಿಣದ ಹುಡುಗರು ಬಂಗಾಳದ ಜನರ ಮನೆಮಾತಾದ ಕಾಲ ಅದು.

ಹಾಗಾದರೆ ಕೊರತೆ ಎಲ್ಲಿತ್ತು? ಗಡಿಯಾರ ನೋಡಿ. ಅಂತರರಾಷ್ಟ್ರೀಯ ಪಂದ್ಯ 90 ನಿಮಿಷದ್ದು. ಆ ಕಾಲದ ಭಾರತದಲ್ಲಿ ನಮ್ಮ ಟೂರ್ನಿಗಳ ಪಂದ್ಯಗಳು ನಡೆಯುತ್ತಿದ್ದುದು 70 ನಿಮಿಷ. 1970ರ ದಶಕದ ಆರಂಭದವರೆಗೂ ಈ ಪದ್ಧತಿ ಹೋಗಲಿಲ್ಲ. ಈಗ ಇಲ್‌ಫರ್ಡಿನ ಪಂದ್ಯವನ್ನು ಮತ್ತೆ ಓದಿ. 70ನೆಯ ನಿಮಿಷದಲ್ಲಿ ಲೆಕ್ಕ 1–1. ಊರಿನಲ್ಲಾಗಿದ್ದರೆ ರೆಫರಿ ಸೀಟಿ ಊದುವ ಹೊತ್ತು. ನಮ್ಮ ಹುಡುಗರ ಕಾಲು, ಉಸಿರು, ಮನಸ್ಸು ಎಲ್ಲವೂ ವರ್ಷಗಟ್ಟಲೆ ಪಳಗಿದ್ದದ್ದು ಅಲ್ಲಿಯವರೆಗಿನ ಆಟಕ್ಕೆ. ಅದುವರೆಗೆ ಅವರು ಫ್ರಾನ್ಸಿಗೆ ಸರಿಸಮ. ಅದರಾಚೆಯ ಇಪ್ಪತ್ತು ನಿಮಿಷಗಳಿಗೆ ನಾವು ಅವರನ್ನು ಯಾವತ್ತೂ ತಯಾರು ಮಾಡಿರಲಿಲ್ಲ. ಸೋಲು ಬಂದದ್ದು ಆ ಇಪ್ಪತ್ತು ನಿಮಿಷದಲ್ಲೇ, ಅದೂ ತುತ್ತತುದಿಯಲ್ಲಿ.

ಒಂದೇ ಪಂದ್ಯದಿಂದ ಎಲ್ಲವನ್ನೂ ಸಾಧಿಸಲಾಗದು ಎಂದು ನೀವು ಹೇಳಬಹುದು. ಎರಡು ಪೆನಾಲ್ಟಿ ಗೋಲಾಗಿದ್ದರೆ ಕಥೆಯೇ ಬೇರೆಯಾಗುತ್ತಿತ್ತು ಎನ್ನಬಹುದು. ಒಪ್ಪುತ್ತೇನೆ. ಆದರೂ ಮೈಯ ಕಸುವು ಎಲ್ಲಿಯವರೆಗೆ ಅಭ್ಯಾಸವೋ ಅಲ್ಲಿಯವರೆಗೆ ಎನ್ನುವುದು ಇಲ್ಲಿರುವ ಪ್ರತಿಯೊಬ್ಬ ಆಟದ ಮೇಷ್ಟ್ರಿಗೂ ಗೊತ್ತಿರುವ ಸತ್ಯ. ದೋಷ ಆಟಗಾರರ ಪಾದದಲ್ಲಿರಲಿಲ್ಲ. ಅವರನ್ನು ಕಳುಹಿಸಿದ ವ್ಯವಸ್ಥೆ ಮನೆಯಲ್ಲಿ ಒಂದು ಅಳತೆ, ಹೊರಗೆ ಇನ್ನೊಂದು ಅಳತೆ ಇಟ್ಟುಕೊಂಡಿತ್ತು.

5. ಕಲಿಯದ ಪಾಠ, ಕಲಿತ ಪಾಠ

ಲಂಡನ್ನಿನ ಚಪ್ಪಾಳೆ ನಮಗೆ ಹಿತವಾಗಿತ್ತು. ಅದರಲ್ಲೇ ನಾವು ಮೈಮರೆತೆವು. 1950ರ ವಿಶ್ವಕಪ್‌ಗೆ ಬರ್ಮಾ, ಇಂಡೊನೇಷ್ಯಾ, ಫಿಲಿಪೀನ್ಸ್ ಹಿಂದೆ ಸರಿದದ್ದರಿಂದ ಭಾರತಕ್ಕೆ ಅವಕಾಶ ತಾನಾಗಿ ಬಂತು. ಬ್ರೆಜಿಲ್‌ನಲ್ಲಿ ಇಟಲಿ, ಸ್ವೀಡನ್, ಪರಾಗ್ವೆಗಳ ಗುಂಪಿನಲ್ಲಿ ನಮ್ಮ ಹೆಸರಿತ್ತು. ನಾವು ಹೋಗಲಿಲ್ಲ. ಬರಿಗಾಲಿನಲ್ಲಿ ಆಡಲು ಬಿಡಲಿಲ್ಲ, ಅದಕ್ಕೇ ಹೋಗಲಿಲ್ಲ ಎನ್ನುವ ಕಥೆ ಹುಟ್ಟಿದ್ದು ಈ ಸಂದರ್ಭದಲ್ಲಿ. ನಿಜವಾದ ಕಾರಣಗಳು ಬೇರೆ. ದೂರದ ಪ್ರಯಾಣ, ಖರ್ಚಿನ ಚಿಂತೆ, ಅಭ್ಯಾಸಕ್ಕೆ ಸಮಯವಿಲ್ಲದ್ದು, ಎಲ್ಲಕ್ಕಿಂತ ಹೆಚ್ಚಾಗಿ ಒಲಿಂಪಿಕ್ಸ್ ಮುಂದೆ ವಿಶ್ವಕಪ್ ಏನು ಮಹಾ ಎಂಬ ಆಡಳಿತಗಾರರ ಎಣಿಕೆ. ಬರಿಗಾಲಿನ ಮಾತು ನೆಪ ಮಾತ್ರವೆಂದು ಶೈಲೇನ್ ಮನ್ನಾ ಅವರೇ ಮುಂದೆ ಹೇಳಿದ್ದಾರೆ. ನಿರ್ಧಾರ ಆಡಳಿತದ್ದು, ಅಪವಾದ ಆಟಗಾರರ ಪಾದಗಳಿಗೆ. ಇದನ್ನು ಅನ್ಯಾಯ ಎನ್ನದೆ ಇನ್ನೇನು ಎನ್ನೋಣ?

1951ರಲ್ಲಿ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದೆವು. ನಮ್ಮ ನೆಲ, ನಮ್ಮ ಹವೆ, ನಮ್ಮ ಜನ. 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ಗೆ ಹೋದಾಗಲೂ ಬಹಳಷ್ಟು ಆಟಗಾರರು ಬರಿಗಾಲಿನಲ್ಲೇ ಇದ್ದರು, ಪಂದ್ಯದ ಅವಧಿಯ ಅಭ್ಯಾಸವೂ ಹಳೆಯದೇ. ಎದುರಾಳಿ ಯುಗೊಸ್ಲಾವಿಯಾ, ಲಂಡನ್ನಿನಲ್ಲಿ ಬೆಳ್ಳಿ ಗೆದ್ದ ತಂಡ, ಹೆಲ್ಸಿಂಕಿಯಲ್ಲೂ ಬೆಳ್ಳಿ ಗೆಲ್ಲಲಿದ್ದ ತಂಡ. 10–1ರಿಂದ ಸೋತೆವು. ಆ ಒಂದು ಗೋಲು ಬೆಂಗಳೂರಿನ ಅಹ್ಮದ್ ಖಾನ್ ಅವರದು. ಪಂದ್ಯ ಮುಗಿಯಲು ನಿಮಿಷವಷ್ಟೇ ಉಳಿದಿದ್ದಾಗ, ಹತ್ತು ಗೋಲು ತಿಂದ ತಂಡದಲ್ಲಿ, ಇನ್ನೂ ಚೆಂಡಿನ ಹಿಂದೆ ಓಡುತ್ತಿದ್ದ ಆ ಮನುಷ್ಯನ ಛಲಕ್ಕೆ ನಾನು ತಲೆಬಾಗುತ್ತೇನೆ.

ಈ ಸೋಲಿನ ಮೇಲೆ ಬೂಟು ಕಡ್ಡಾಯವಾಯಿತು. ಬರಿಗಾಲು ಬಲವಾಗಿತ್ತು ಎಂದು ಈಗಷ್ಟೇ ಹೇಳಿದ ನಾನು ಈ ನಿರ್ಧಾರವನ್ನೂ ಸರಿಯೆನ್ನುತ್ತೇನೆ. ಒಣಗಿದ ಗಟ್ಟಿ ನೆಲದಲ್ಲಿ ಪಡೆದ ಬಲವನ್ನು ಒದ್ದೆ ಹುಲ್ಲಿನ, ತಣ್ಣನೆಯ ನೆಲಕ್ಕೂ ಹೊಂದಿಸಿಕೊಳ್ಳಬೇಕಿತ್ತು. ಲಂಡನ್ನಿನಿಂದ ಮರಳಿದ ಮರುದಿನವೇ ಆ ಕೆಲಸ ಶುರುವಾಗಿದ್ದರೆ ಹೆಲ್ಸಿಂಕಿಯ ದಿನ ಅಷ್ಟು ಕ್ರೂರವಾಗುತ್ತಿರಲಿಲ್ಲ.

ಪಾಠ ಕಲಿತರೆ ಏನಾಗುತ್ತದೆ ಎನ್ನುವುದನ್ನು ಹೈದರಾಬಾದಿನ ಸಯ್ಯದ್ ಅಬ್ದುಲ್ ರಹೀಮ್ ತೋರಿಸಿದರು. ಅವರು ಶಾಲಾ ಮೇಷ್ಟ್ರಾಗಿದ್ದವರು ಎನ್ನುವುದನ್ನು ಈ ದತ್ತಿಯ ಸಭೆಯಲ್ಲಿ ವಿಶೇಷವಾಗಿ ನೆನೆಯಬೇಕು. ಮೈಯ ಕಸುವು, ಬೂಟಿನ ಆಟ, ಎರಡೂ ಕಾಲಿನ ಬಳಕೆ, ಹೊಸ ವ್ಯೂಹ, ಎಲ್ಲವನ್ನೂ ಅಡಿಪಾಯದಿಂದ ಕಲಿಸಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ ಆತಿಥೇಯ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿ ನಾಲ್ಕನೆಯ ಸ್ಥಾನಕ್ಕೆ ಏರಿತು. 1962ರಲ್ಲಿ ಜಕಾರ್ತದ ಏಷ್ಯನ್ ಕೂಟದಲ್ಲಿ ದಕ್ಷಿಣ ಕೊರಿಯಾವನ್ನು 2–1ರಿಂದ ಮಣಿಸಿ ಚಿನ್ನ ತಂದಿತು. ನಮ್ಮ ಎಂ. ಕೆಂಪಯ್ಯ 1956, 1960ರ ಎರಡೂ ಒಲಿಂಪಿಕ್ಸ್ ತಂಡಗಳಲ್ಲಿದ್ದರು. 10–1ರ ಸೋಲಿಗೂ ನಾಲ್ಕನೆಯ ಸ್ಥಾನಕ್ಕೂ ನಡುವೆ ನಾಲ್ಕೇ ವರ್ಷ. ಹುಡುಗರ ರಕ್ತ ಬದಲಾಗಿರಲಿಲ್ಲ. ಬದಲಾದದ್ದು ತಯಾರಿ.

6. ನಮ್ಮ ನಾಲ್ಕು ತಾಲ್ಲೂಕುಗಳಿಗೆ

ಈ ಚರಿತ್ರೆಯನ್ನು ಚನ್ನಗಿರಿಗೆ ತಂದು ಹೇಳುವುದಕ್ಕೆ ಕಾರಣವಿದೆ. ಇಲ್ಲಿನ ಮಕ್ಕಳೂ ಇವತ್ತಿಗೂ ಬರಿಗಾಲಿನಲ್ಲೇ ಆಟ ಶುರು ಮಾಡುತ್ತಾರೆ. ಖೋ ಖೋ, ಕಬಡ್ಡಿ ಬರಿಗಾಲಿನ ಕೆಂಪು ಮಣ್ಣಿನಲ್ಲೇ ಕುದುರುತ್ತವೆ. ಹೊನ್ನಾಳಿ, ನ್ಯಾಮತಿ ಕಡೆ ದೀಪಾವಳಿ ಕಳೆದ ಮೇಲೆ ಹೋರಿ ಬೆದರಿಸುವ ಹಬ್ಬದಲ್ಲಿ ಹುಡುಗರು ತೋರಿಸುವ ಓಟ, ತಿರುವು, ಎದೆಗಾರಿಕೆ ಯಾವ ಆಟದ ತಂಡಕ್ಕಾದರೂ ಬೇಕಾದ ಗುಣಗಳು. ಜಗಳೂರಿನ ಬೆದ್ದಲು ಹೊಲದಲ್ಲಿ ದುಡಿದು ಗಟ್ಟಿಯಾದ ಮೈಗಳಿವೆ. ದಾವಣಗೆರೆಯ ಕುಸ್ತಿಯ ಹೆಸರು ನಾಡೆಲ್ಲ ಗೊತ್ತು. ಕಸುವಿಗೆ ನಮ್ಮಲ್ಲಿ ಬರವಿಲ್ಲ.

1948ರ ತಂಡ ಹೇಳುವ ಮೊದಲ ಮಾತು ಮೈದಾನದ್ದು. ಅಹ್ಮದ್ ಖಾನ್, ರಾಮನ್ ಅವರಂಥವರು ಅಕಾಡೆಮಿಯಿಂದ ಬಂದವರಲ್ಲ. ಕೇರಿಯ ಪಕ್ಕದಲ್ಲೇ ಬಯಲಿತ್ತು, ಸಂಜೆ ಅಲ್ಲಿಗೆ ಹೋಗಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಶಾಲೆಯ ಆಟದ ಬಯಲನ್ನು ತುಂಡು ತುಂಡಾಗಿ ಬೇರೆ ಕಟ್ಟಡಗಳಿಗೆ ಕೊಡುತ್ತ ಹೋದರೆ, ಅಡಿಕೆ ಕಾಲದಲ್ಲಿ ಕಣವಾಗಿ, ಜಾತ್ರೆ ಕಾಲದಲ್ಲಿ ವಾಹನ ನಿಲ್ಲಿಸುವ ಜಾಗವಾಗಿ ಬಿಟ್ಟುಕೊಟ್ಟರೆ, ಮಕ್ಕಳಿಗೆ ಉಳಿಯುವುದೇನು? ಊರಿನ ಕೆರೆಯನ್ನು ಕಾಯುವಷ್ಟೇ ಆಸ್ಥೆಯಿಂದ ಊರಿನ ಮೈದಾನವನ್ನು ಕಾಯಬೇಕು. ಸೂಳೆಕೆರೆಯ ಒತ್ತುವರಿಗೆ ದನಿ ಎತ್ತುವ ನಾವು ಆಟದ ಬಯಲಿನ ಒತ್ತುವರಿಗೂ ದನಿ ಎತ್ತೋಣ.

ಎರಡನೆಯ ಮಾತು ಕ್ಲಬ್ಬಿನದು, ನಿರಂತರ ಸ್ಪರ್ಧೆಯದು. ಬೆಂಗಳೂರು ಮುಸ್ಲಿಮ್ಸ್‌ನಂಥ ಸಂಘ ಸರ್ಕಾರ ಕಟ್ಟಿದ್ದಲ್ಲ. ಬಡಾವಣೆಯ ಜನ ಕೈಯಿಂದ ಹಣ ಹಾಕಿ, ಹೆಸರು ಕಟ್ಟಿಕೊಂಡು ನಡೆಸಿದ್ದು. ಅದು 1948ರಲ್ಲಿ ಮತ್ತೊಮ್ಮೆ ರೋವರ್ಸ್ ಕಪ್ ಗೆದ್ದಿತು. ವರ್ಷಕ್ಕೊಮ್ಮೆ ತಾಲ್ಲೂಕು ಮಟ್ಟದ ಕ್ರೀಡಾಕೂಟ ಮಾಡಿ, ಒಂದು ದಿನ ಬಿಸಿಲಲ್ಲಿ ಓಡಿಸಿ, ಪ್ರಮಾಣಪತ್ರ ಕೊಟ್ಟು ಕಳಿಸಿದರೆ ಆಟಗಾರ ಹುಟ್ಟುವುದಿಲ್ಲ. ವಾರವಾರವೂ ಎದುರಾಳಿ ಬೇಕು. ಚನ್ನಗಿರಿಯ ತಂಡ ಹೊನ್ನಾಳಿಗೆ ಹೋಗಿ ಆಡಬೇಕು, ಜಗಳೂರಿನವರು ಇಲ್ಲಿಗೆ ಬರಬೇಕು. ಸಂತೆಬೆನ್ನೂರು, ಬಸವಾಪಟ್ಟಣ, ಸವಳಂಗ, ನಲ್ಲೂರಿನಂಥ ಊರುಗಳಿಗೆ ತಮ್ಮದೇ ತಂಡಗಳಿರಬೇಕು. ಹೆಣ್ಣುಮಕ್ಕಳ ತಂಡಗಳು ಅದೇ ಮೈದಾನದಲ್ಲಿ, ಅದೇ ಹೊತ್ತಿನಲ್ಲಿ, ಅದೇ ಗೌರವದಿಂದ ಆಡಬೇಕು.

ಮೂರನೆಯದು ಅಳತೆಯ ಮಾತು. ಜಿಲ್ಲೆಗೆ ಹೋದಾಗ ಮ್ಯಾಟ್ ಮೇಲೆ ಕಬಡ್ಡಿ ಆಡಬೇಕಾದ ಹುಡುಗಿಗೆ ಊರಿನಲ್ಲಿ ಒಮ್ಮೆಯೂ ಮ್ಯಾಟ್ ತುಳಿಯಲು ಸಿಗದಿದ್ದರೆ, ನಾವು ಅವಳನ್ನು 70 ನಿಮಿಷಕ್ಕೆ ತಯಾರು ಮಾಡಿ 90 ನಿಮಿಷದ ಪಂದ್ಯಕ್ಕೆ ಕಳುಹಿಸಿದಂತೆ. ಸೋತು ಬಂದ ಮೇಲೆ ‘ನಮ್ಮ ಹಳ್ಳಿ ಮಕ್ಕಳು ಪಾಪ’ ಎನ್ನುವುದು ಸುಲಭ. ಹೋಗುವ ಮುಂಚೆ ಹೊರಗಿನ ಅಳತೆಯನ್ನು ಊರಿಗೇ ತರುವುದು ಕಷ್ಟ, ಮಾಡಬೇಕಾದದ್ದು ಅದೇ. ನಾಲ್ಕು ತಾಲ್ಲೂಕುಗಳು ಕೂಡಿ ಒಂದು ಜೊತೆ ಮ್ಯಾಟ್ ಕೊಂಡು ಸರದಿಯ ಮೇಲೆ ಬಳಸಿದರೂ ಆರಂಭವಾದೀತು.

7. ದಾಖಲೆಯ ಋಣ

ಕೊನೆಯದಾಗಿ ಒಂದು ಮಾತು. ನಮ್ಮ ತಂಡ ಲಂಡನ್ನಿನಲ್ಲಿದ್ದ 1948ರಲ್ಲೇ ಆಸ್ಟ್ರೇಲಿಯಾದ ರಗ್ಬಿ ಲೀಗ್ ತಂಡ ಬ್ರಿಟನ್ ಮತ್ತು ಫ್ರಾನ್ಸ್ ಪ್ರವಾಸಕ್ಕೆ ಹೊರಟಿತು. ‘ಕಾಂಗರೂಸ್’ ಎಂದು ಅವರ ಹೆಸರು. ತಿಂಗಳುಗಟ್ಟಲೆ ನಡೆದ ಆ ಪ್ರವಾಸದ ಪಂದ್ಯಗಳ ಲೆಕ್ಕ ಅಲ್ಲಿ ಇವತ್ತಿಗೂ ಸಿಗುತ್ತದೆ. ದೇಶಕ್ಕೆ ಆಡಿದ ಪ್ರತಿಯೊಬ್ಬನಿಗೂ ದಾಖಲೆಯಲ್ಲಿ ಒಂದು ಕ್ರಮಸಂಖ್ಯೆ ಕೊಟ್ಟು ಕಾಪಾಡಿದ್ದಾರೆ. ಆಟಗಾರ ತೀರಿಕೊಂಡರೂ ಸಂಖ್ಯೆ ಅಳಿಯುವುದಿಲ್ಲ. ನಮ್ಮಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಅವರ ಹೆಸರನ್ನು ಕರ್ನಾಟಕದ ಎಷ್ಟು ಶಾಲೆಗಳಲ್ಲಿ ಹೇಳಿಕೊಡುತ್ತೇವೆ? ಅಹ್ಮದ್ ಖಾನ್ 2017ರವರೆಗೆ, ತೊಂಬತ್ತರ ವಯಸ್ಸಿನವರೆಗೆ, ನಮ್ಮ ಬೆಂಗಳೂರಿನಲ್ಲೇ ಇದ್ದರು. ಎರಡು ಒಲಿಂಪಿಕ್ಸ್ ಕಂಡ ಆ ಹಿರಿಯರ ಬಾಯಿಂದ ನಾಡು ಕೇಳಿಸಿಕೊಂಡದ್ದು ಸಾಲದು.

ಮೈಸೂರು 1952–53ರಲ್ಲಿ, ಆಮೇಲೆ 1967–68, 1968–69ರಲ್ಲಿ ಸಂತೋಷ್ ಟ್ರೋಫಿ ಗೆದ್ದಿತು. ಅಲ್ಲಿಂದ ಮುಂದೆ 54 ವರ್ಷ ಕಾಯಬೇಕಾಯಿತು. 2023ರ ಮಾರ್ಚ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಹಾಗೆ ಗೆದ್ದ ಹುಡುಗರಿಗೆ ತಮ್ಮ ಹಿಂದೆ 1937, 1946, 1948ರ ಸಾಲು ಇದೆ ಎಂದು ಗೊತ್ತಿರುವುದು ಅವರ ಹಕ್ಕು. ಪರಂಪರೆಯನ್ನು ತಿಳಿದ ಆಟಗಾರ ತಾನು ಒಂಟಿಯಲ್ಲ ಎಂದು ನಂಬಿ ಆಡುತ್ತಾನೆ.

ಈ ಕೆಲಸವನ್ನು ಬೆಂಗಳೂರಿಗೆ ಬಿಡಬೇಕಾಗಿಲ್ಲ. ಇಲ್ಲಿರುವ ವಿದ್ಯಾರ್ಥಿಗಳಲ್ಲಿ ನನ್ನ ಕೋರಿಕೆ: ನಿಮ್ಮ ಊರಿನ ಹಿರಿಯ ಆಟಗಾರರನ್ನು, ಪೈಲ್ವಾನರನ್ನು, ಗರಡಿಮನೆ ನಡೆಸಿದವರನ್ನು, ಜಿಲ್ಲೆಗೆ, ರಾಜ್ಯಕ್ಕೆ ಆಡಿ ಬಂದ ಅಕ್ಕಂದಿರನ್ನು ಹೋಗಿ ಮಾತಾಡಿಸಿ. ಯಾವ ವರ್ಷ, ಯಾವ ಪಂದ್ಯ, ಜೊತೆಗೆ ಯಾರಿದ್ದರು, ಖರ್ಚು ಯಾರು ಕೊಟ್ಟರು, ಬರೆದುಕೊಳ್ಳಿ. ಹಳೆಯ ಪ್ರಮಾಣಪತ್ರ, ತಂಡದ ಫೋಟೊ ಇದ್ದರೆ ಹಿಂಬದಿಯಲ್ಲಿ ಹೆಸರು ಗುರುತಿಸಿಡಿ. ದತ್ತಿ ಇಟ್ಟ ಬಂಧುಗಳಲ್ಲಿಯೂ ಒಂದು ವಿನಂತಿ. ಮುಂದಿನ ವರ್ಷದ ಉಪನ್ಯಾಸಕ್ಕೆ ಹೊರಗಿನಿಂದ ನನ್ನಂಥವರನ್ನು ಕರೆಯಬೇಡಿ. ಈ ನಾಲ್ಕು ತಾಲ್ಲೂಕುಗಳ ಆಟಗಾರರ ಚರಿತ್ರೆಯನ್ನು ಇಲ್ಲಿನ ವಿದ್ಯಾರ್ಥಿಗಳೇ ಕಲೆಹಾಕಿ ಇದೇ ವೇದಿಕೆಯಲ್ಲಿ ಓದಲಿ, ಅದು ಅಚ್ಚಾಗಿ ಪ್ರತಿ ಶಾಲೆಗೂ ಹೋಗಲಿ. ಆ ಸಭೆಯಲ್ಲಿ ಕೇಳುಗನಾಗಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳಲು ನಾನು ಬರುತ್ತೇನೆ.